ಐಸ್ಲೆಂಡ್: ಪುಟ್ಟ ನಾಡಿನ ಹಳೆಯ ಕಥೆ

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದಲ್ಲಿ ವಿದ್ಯಾರ್ಥಿಗಳಿಂದಲೇ ಪ್ರಬಂಧಗಳನ್ನು ಓದಿಸುವ ಏರ್ಪಾಡಾಯಿತು. ಯೂರೋಪಿನ ದೇಶಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಮಡಿಸಿ, ಮೇಜಿನ ಮೇಲೆ ಹರಡಿದ ನಮ್ಮ ಮೇಷ್ಟ್ರು "ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳಿ" ಎಂದರು. ನನ್ನ ಪಕ್ಕದವನಿಗೆ ಫ್ರಾನ್ಸ್ ಬಂತು. ಹಿಂದಿನ ಬೆಂಚಿನವನಿಗೆ ಇಟಲಿ. ನನ್ನ ಚೀಟಿಯಲ್ಲಿದ್ದುದು ಐಸ್ಲೆಂಡ್. ಓದಿ ಹೇಳಿದೊಡನೆ ತರಗತಿಯೆಲ್ಲ ನಕ್ಕಿತು. "ಐಸ್‌ಕ್ಯಾಂಡಿ ದೇಶ ಬಂತೇನೋ!" ಎಂದು ಯಾರೋ ಕೂಗಿದರು.

"ಸಾರ್, ಇದಕ್ಕೆ ಇತಿಹಾಸವೆಂಬುದು ಉಂಟೆ?" ಎಂದು ಕೇಳಿದೆ. ಮೇಷ್ಟ್ರು ನಗಲಿಲ್ಲ. "ಹುಡುಕಿ ನೋಡಪ್ಪ. ಇಲ್ಲದಿದ್ದರೆ ಇಲ್ಲವೆಂದೇ ಬರೆದುಕೊಂಡು ಬಾ" ಎಂದರು.

ಹುಡುಕಿದೆ. ಎರಡು ತಿಂಗಳು ನಮ್ಮ ವಾಚನಾಲಯದಲ್ಲಿಯೂ ಹೊರಗೂ ಸಿಕ್ಕಿದ್ದನ್ನೆಲ್ಲ ಓದಿದೆ. ಪ್ರಬಂಧವೂ ಆಯಿತು. ಕೊನೆಯಲ್ಲಿ ಪ್ರಶ್ನೆ ಕೇಳುವ ಹೊತ್ತಿಗೆ ಗೆಳೆಯನೊಬ್ಬ ಎದ್ದು, "ನಾಲ್ಕು ಲಕ್ಷ ಜನವೂ ತುಂಬದ ದೇಶ. ನಮ್ಮ ಒಂದೆರಡು ತಾಲ್ಲೂಕಿನಲ್ಲಿ ಅಷ್ಟು ಜನ ಇದ್ದಾರೆ. ಅವರು ಯಾವ ರಾಜ್ಯವನ್ನೂ ಗೆದ್ದಿಲ್ಲ, ಯಾವ ಯುದ್ಧವನ್ನೂ ತಿರುಗಿಸಿಲ್ಲ. ಅವರ ಕಥೆ ನಮಗೇಕೆ ಮಾರಾಯ?" ಎಂದ. ನಾನು ಏನೋ ತಡವರಿಸಿ ಕುಳಿತುಬಿಟ್ಟೆ. ಅಂದು ಹೊಳೆಯದ ಉತ್ತರವನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ. ತಡವಾದುದಕ್ಕೆ ಗೆಳೆಯನು ಕ್ಷಮಿಸಬೇಕು.

ಮೊದಲು ನೆಲದ ಪರಿಚಯ. ಅಟ್ಲಾಂಟಿಕ್ ಮಹಾಸಾಗರದ ಉತ್ತರದಲ್ಲಿ, ಧ್ರುವವೃತ್ತಕ್ಕೆ ತುಸು ಕೆಳಗೆ, ನಾರ್ವೆಗೂ ಗ್ರೀನ್ಲೆಂಡಿಗೂ ನಡುವೆ ಈ ದ್ವೀಪವಿದೆ. ವಿಸ್ತೀರ್ಣ ಸುಮಾರು ೧,೦೩,೦೦೦ ಚದರ ಕಿಲೋಮೀಟರು. ನಮ್ಮ ರಾಜ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಹತ್ತರಲ್ಲೊಂದು ಪಾಲು ಹಿಮನದಿಗಳ ಹಾಸು. ಆ ಹಿಮದ ಕೆಳಗೇ ಜ್ವಾಲಾಮುಖಿಗಳು! ಭೂಮಿಯ ಎರಡು ಮಹಾಫಲಕಗಳು ಈ ದ್ವೀಪದ ಮಧ್ಯದಲ್ಲಿಯೇ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ಪರಸ್ಪರ ದೂರ ಸರಿಯುತ್ತಿರುವುದರಿಂದ ನೆಲ ಬಿರಿದು ಬೆಂಕಿ ಮೇಲೆ ಬರುತ್ತದೆ. ನಡುನಾಡೆಲ್ಲ ಬರಡು, ಜನರಿರುವುದು ಕಡಲಂಚಿನಲ್ಲಿ, ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ರಾಜಧಾನಿಯಾದ ರೇಕ್ಯಾವಿಕ್ ಮತ್ತು ಅದರ ಆಸುಪಾಸಿನಲ್ಲಿ. ಹೆಸರು ಕೇಳಿ ನಡುಗುವವರಿಗೆ ಒಂದು ಮಾತು: ಕಡಲಿನ ಬಿಸಿಯ ಪ್ರವಾಹವೊಂದು ತೀರವನ್ನು ಮುಟ್ಟಿ ಹೋಗುವುದರಿಂದ ರೇಕ್ಯಾವಿಕ್ಕಿನ ಜನವರಿ ತಿಂಗಳ ಸರಾಸರಿ ಶಾಖ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿ ಮಾತ್ರ ಇರುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಚಳಿಯ ಊರುಗಳು ರಷ್ಯಾದಲ್ಲಿಯೂ ಕೆನಡಾದಲ್ಲಿಯೂ ಉಂಟು.

ಹಾಗಾದರೆ ಈ ಹೆಸರನ್ನಿಟ್ಟವನು ಯಾರು? ಫ್ಲೋಕಿ ಎಂಬ ನಾರ್ವೆಯವನು. ದಾರಿ ತೋರಿಸಲೆಂದು ಮೂರು ಕಾಗೆಗಳನ್ನು ಹಡಗಿನಲ್ಲಿಟ್ಟುಕೊಂಡು ಬಂದನಂತೆ. ಬಂದವನು ಬೇಸಗೆಯೆಲ್ಲ ಮೀನು ಹಿಡಿಯುವುದರಲ್ಲಿ ಮೈಮರೆತು ಹುಲ್ಲು ಕೊಯ್ದು ಬಣವೆ ಹಾಕುವುದನ್ನೇ ಮರೆತ. ಚಳಿಗಾಲದಲ್ಲಿ ದನಕರುಗಳೆಲ್ಲ ಸತ್ತವು. ಬೇಸರದಿಂದ ಬೆಟ್ಟ ಹತ್ತಿ ನೋಡಿದರೆ ಕೊಲ್ಲಿಯ ತುಂಬ ಮಂಜುಗಡ್ಡೆ. ಸಿಟ್ಟಿನಲ್ಲಿ ಇಟ್ಟ ಹೆಸರು ಇದು. ತನ್ನ ಸೋಮಾರಿತನಕ್ಕೆ ನೆಲವನ್ನು ದೂರಿದವರಲ್ಲಿ ಇವನೇ ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ!

ಕ್ರಿ.ಶ. ೮೭೪ರಲ್ಲಿ ಇಂಗೋಲ್ಫುರ್ ಆರ್ನಾರ್ಸನ್ ಎಂಬವನು ಬಂದು ನೆಲೆಸಿದನೆಂಬುದು ಪರಂಪರೆಯಿಂದ ಬಂದ ಲೆಕ್ಕ. ತೀರ ಕಾಣಿಸಿದೊಡನೆ ಅವನು ತನ್ನ ಮನೆಯ ಹಿರಿಪೀಠದ ಕೆತ್ತನೆಯ ಕಂಬಗಳನ್ನು ಕಡಲಿಗೆ ಎಸೆದು, ಅವು ಎಲ್ಲಿ ದಡ ಮುಟ್ಟುವುವೋ ಅಲ್ಲಿಯೇ ಮನೆ ಕಟ್ಟುವುದಾಗಿ ಹೇಳಿದನಂತೆ. ಅವನ ಆಳುಗಳು ಮೂರು ವರ್ಷ ಹುಡುಕಿ ಕಂಬಗಳನ್ನು ಕಂಡುಹಿಡಿದ ಎಡೆಯೇ ರೇಕ್ಯಾವಿಕ್, ಎಂದರೆ 'ಹೊಗೆಯ ಕೊಲ್ಲಿ'. ಹೊಗೆಯೆಂದು ಅವರು ತಿಳಿದದ್ದು ಬಿಸಿನೀರಿನ ಬುಗ್ಗೆಗಳ ಆವಿ. ಆ ಬಿಸಿನೀರೇ ಇಂದು ಕೊಳಾಯಿಗಳಲ್ಲಿ ಹರಿದು ದೇಶದ ಹತ್ತರಲ್ಲಿ ಒಂಬತ್ತು ಪಾಲು ಮನೆಗಳನ್ನು ಬೆಚ್ಚಗಿಡುತ್ತಿದೆ.

ಹೀಗೆ ಬಂದವರ ಪೈಕಿ ನಾನೂರಕ್ಕೂ ಮಿಕ್ಕಿದ ಮುಖ್ಯಸ್ಥರ ಹೆಸರು, ಕುಲ, ಹಿಡಿದ ನೆಲ ಇವನ್ನೆಲ್ಲ 'ಲಾಂಡ್ನಾಮಾಬೋಕ್' ಎಂಬ ಗ್ರಂಥ ಹೇಳುತ್ತದೆ. ತನ್ನ ಹುಟ್ಟಿನ ದಾಖಲೆಯನ್ನು ಇಷ್ಟು ವಿವರವಾಗಿ ಬರೆದಿಟ್ಟುಕೊಂಡ ಜನಾಂಗ ಅಪರೂಪ. ಆದರೆ ಆ ಗ್ರಂಥವು ಪೂರ್ತಿಯಾಗಿ ಹೇಳದ ಸಂಗತಿಯೊಂದನ್ನು ಈಚೆಗೆ ವಿಜ್ಞಾನಿಗಳು ರಕ್ತಪರೀಕ್ಷೆಯಿಂದ ಹೊರಗೆಡಹಿದ್ದಾರೆ. ಮೊದಲ ನೆಲಸಿಗರಲ್ಲಿ ಗಂಡಸರ ಕಡೆಯ ಮೂಲ ಬಹುಪಾಲು ನಾರ್ವೆ. ಹೆಂಗಸರ ಕಡೆಯದು ಅರ್ಧಕ್ಕಿಂತ ಹೆಚ್ಚು ಐರ್ಲೆಂಡ್, ಸ್ಕಾಟ್ಲೆಂಡುಗಳದು. ಅವರಲ್ಲಿ ಎಷ್ಟೋ ಮಂದಿ ಸೆರೆ ಹಿಡಿದು ತಂದವರು. ಪುಸ್ತಕ ಬರೆದವರು ಗೆದ್ದವರ ಮಕ್ಕಳು ಎಂಬುದನ್ನು ಇಲ್ಲಿಯೂ ಮರೆಯುವಂತಿಲ್ಲ.

ಇನ್ನು ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಭಾಗಕ್ಕೆ ಬರುತ್ತೇನೆ. ಕ್ರಿ.ಶ. ೯೩೦ರಲ್ಲಿ, ಎಂದರೆ ನಮ್ಮ ಪಂಪನು ಆದಿಪುರಾಣವನ್ನು ರಚಿಸುವುದಕ್ಕೆ ಹನ್ನೊಂದು ವರ್ಷ ಮುಂಚೆ, ಈ ಜನ ಥಿಂಗ್ವೆಟ್ಲಿರ್ ಎಂಬ ಬಯಲಿನಲ್ಲಿ ಸೇರಿ 'ಆಲ್ಥಿಂಗ್' ಎಂಬ ಮಹಾಸಭೆಯನ್ನು ಸ್ಥಾಪಿಸಿದರು. ರಾಜನಿಲ್ಲ, ಸೈನ್ಯವಿಲ್ಲ, ಅರಮನೆಯಿಲ್ಲ, ಸಭೆಗೊಂದು ಸೂರು ಸಹ ಇಲ್ಲ. ಪ್ರತಿ ಬೇಸಗೆಯಲ್ಲಿ ಎರಡು ವಾರ, ಕುದುರೆಗಳ ಮೇಲೆ ದೇಶದ ಮೂಲೆಮೂಲೆಗಳಿಂದ ಬಂದು ಗುಡಾರ ಹಾಕಿ, ಒಂದು ಬಂಡೆಯ ಬಳಿ ಸೇರುತ್ತಿದ್ದರು. 'ಕಾನೂನಿನ ಬಂಡೆ' ಎಂದು ಅದರ ಹೆಸರು. ಅಲ್ಲಿ ನಿಲ್ಲುವವನು 'ಕಾನೂನು ಹೇಳುವವನು'. ಮೂರು ವರ್ಷಕ್ಕೊಮ್ಮೆ ಅವನ ಆಯ್ಕೆ. ಬರವಣಿಗೆ ಬಳಕೆಗೆ ಬಾರದ ಕಾಲ. ಆದ್ದರಿಂದ ದೇಶದ ಕಾನೂನೆಲ್ಲವೂ ಅವನಿಗೆ ಬಾಯಿಪಾಠವಾಗಿರಬೇಕು. ವರ್ಷಕ್ಕೆ ಮೂರನೆಯ ಒಂದು ಭಾಗದಂತೆ, ಮೂರು ವರ್ಷದಲ್ಲಿ ಸಮಸ್ತವನ್ನೂ ನೆರೆದವರ ಮುಂದೆ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ತಿದ್ದುವವರು ಕೆಳಗೆ ಇದ್ದೇ ಇರುತ್ತಿದ್ದರು. ಮುಖ್ಯಾಂಶಗಳನ್ನೇ ಬಾಯಿಪಾಠ ಮಾಡಲಾಗದೆ ಪರೀಕ್ಷೆಯ ಹಿಂದಿನ ರಾತ್ರಿ ಒದ್ದಾಡುವ ನಮ್ಮಂಥವರಿಗೆ ಈ ಮಹನೀಯನನ್ನು ನೆನೆದು ಕೈ ಮುಗಿಯಬೇಕೆನಿಸುತ್ತದೆ. ಕೊನೆಗೆ ೧೧೧೭ರ ಚಳಿಗಾಲದಲ್ಲಿ ಕಾನೂನನ್ನು ಬರೆದಿಡಲು ಆರಂಭಿಸಿದರು.

ಈ ವ್ಯವಸ್ಥೆಯಲ್ಲಿ ದೊಡ್ಡದೊಂದು ಕೊರತೆ ಇತ್ತು. ತೀರ್ಪು ಹೇಳುವವರಿದ್ದರು, ಅದನ್ನು ಜಾರಿಗೆ ತರುವ ಅಧಿಕಾರಿ ಇರಲಿಲ್ಲ. ಗೆದ್ದವನೇ ತನ್ನ ಕಡೆಯವರನ್ನು ಕಟ್ಟಿಕೊಂಡು ತೀರ್ಪನ್ನು ನಡೆಸಿಕೊಳ್ಳಬೇಕು. ಹೀಗಾಗಿ ಕೊಲೆ, ಸೇಡು, ಮನೆಗೆ ಬೆಂಕಿ ಇವೆಲ್ಲ ಅಲ್ಲಿಯ ಪ್ರಾಚೀನ ಕಥೆಗಳ ತುಂಬ ಇವೆ. ಆದರೂ ಈ ಸಭೆಯು ಒಮ್ಮೆ ದೇಶವನ್ನು ಉಳಿಸಿತು. ಕ್ರಿ.ಶ. ೧೦೦೦ದ ಸುಮಾರಿಗೆ ಕ್ರೈಸ್ತಮತ ಬಂದಾಗ ಹಳೆಯ ದೇವತೆಗಳವರು ಒಂದು ಕಡೆ, ಹೊಸ ಮತದವರು ಒಂದು ಕಡೆಯಾಗಿ ಕತ್ತಿ ಹಿರಿಯುವ ಸ್ಥಿತಿ ಉಂಟಾಯಿತು. ತೀರ್ಮಾನವನ್ನು ಕಾನೂನು ಹೇಳುವ ಥೋರ್ಗೇರ್‌ನಿಗೆ ಬಿಟ್ಟರು. ಅವನು ಹಳೆಯ ಮತದವನೇ. ಒಂದು ಹಗಲು ಒಂದು ರಾತ್ರಿ ಕಂಬಳಿಯನ್ನು ಮುಸುಕೆಳೆದುಕೊಂಡು ಮಲಗಿದನಂತೆ, ಯಾರೊಡನೆಯೂ ಮಾತಿಲ್ಲ. ಮಾರನೆಯ ದಿನ ಎದ್ದು ಬಂದು, ಕಾನೂನು ಎರಡಾದರೆ ಶಾಂತಿಯೂ ಹರಿದುಹೋಗುವುದೆಂದು ಎಚ್ಚರಿಸಿ, ಎಲ್ಲರೂ ಹೊಸ ಮತವನ್ನು ಸ್ವೀಕರಿಸತಕ್ಕದ್ದೆಂದು ಹೇಳಿದ. ಆದರೆ ಗುಟ್ಟಾಗಿ ಹಳೆಯ ದೇವರಿಗೆ ಬಲಿ ಕೊಡುವುದಕ್ಕೂ, ಕುದುರೆಯ ಮಾಂಸ ತಿನ್ನುವುದಕ್ಕೂ ಕೆಲವು ಕಾಲ ಅಡ್ಡಿಯಿಲ್ಲವೆಂದ! ಎಲ್ಲರೂ ಒಪ್ಪಿ ಮನೆಗೆ ಹೋದರು. ಆ ಶತಮಾನದ ಯೂರೋಪಿನಲ್ಲಿ ಮತದ ಜಗಳ ಹೀಗೆ ಒಂದು ಕಂಬಳಿಯ ಕೆಳಗೆ ಬಗೆಹರಿದದ್ದು ಇನ್ನೆಲ್ಲಿಯೂ ನಾನು ಓದಿಲ್ಲ.

ಮುಂದಿನ ಇನ್ನೂರೈವತ್ತು ವರ್ಷಗಳಲ್ಲಿ ಕೆಲವೇ ಮನೆತನಗಳ ಕೈಗೆ ಅಧಿಕಾರ ಸೇರಿತು. ಆ ಮನೆತನಗಳು ಒಂದನ್ನೊಂದು ತಿಂದವು. ನಾರ್ವೆಯ ದೊರೆಗಳ ಚರಿತ್ರೆಯನ್ನು ಬರೆದ ಮಹಾಪಂಡಿತ ಸ್ನೋರಿ ಸ್ಟುರ್ಲುಸನ್ ಇಂಥ ಒಂದು ಮನೆತನದವನು. ಎರಡು ಸಲ ಕಾನೂನು ಹೇಳುವವನಾಗಿದ್ದವನು. ನಾರ್ವೆಯ ದೊರೆಯ ಕೋಪಕ್ಕೆ ತುತ್ತಾಗಿ ೧೨೪೧ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೊಲೆಯಾದ. ೧೨೬೨ರಲ್ಲಿ ಬಳಲಿಹೋದ ದೇಶ ನಾರ್ವೆಯ ದೊರೆಗೆ ಕಪ್ಪ ಒಪ್ಪಿಕೊಂಡಿತು. ನಾರ್ವೆಯೇ ಡೆನ್ಮಾರ್ಕಿನೊಡನೆ ಕೂಡಿದಾಗ ಇವರೂ ಅದರ ಕೆಳಗೆ ಬಂದರು. ಕಳೆದುಕೊಂಡ ಸ್ವಾತಂತ್ರ್ಯ ಪೂರ್ತಿಯಾಗಿ ಕೈಸೇರಿದ್ದು ೧೯೪೪ರಲ್ಲಿ: ೬೮೨ ವರ್ಷಗಳ ತರುವಾಯ.

ಆ ನಡುವಿನ ಶತಮಾನಗಳು ಕಷ್ಟದವು. ೧೬೦೨ರಿಂದ ೧೭೮೭ರವರೆಗೆ ಡೆನ್ಮಾರ್ಕಿನ ವರ್ತಕರಲ್ಲದೆ ಬೇರೆ ಯಾರೊಡನೆಯೂ ವ್ಯಾಪಾರ ಮಾಡಕೂಡದೆಂಬ ಕಟ್ಟು. ಮನೆ ಕಟ್ಟಲು ಮರವಿಲ್ಲ. ಮೊದಲ ನೆಲಸಿಗರು ಕಂಡ ಬರ್ಚ್ ಕಾಡುಗಳನ್ನು ಅವರೂ ಅವರ ಕುರಿಗಳೂ ಸೇರಿ ಮುಗಿಸಿದ್ದರು. ಹುಲ್ಲುಹೆಂಟೆಗಳ ಗೋಡೆ, ಹುಲ್ಲಿನ ಮಾಡು, ಒಂದೇ ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಚಳಿಗಾಲದ ಮುಗಿಯದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಕುಳಿತು ಉಣ್ಣೆ ಹಿಂಜುವರು, ನೂಲುವರು, ಹೆಣೆಯುವರು; ಒಬ್ಬರು ಮಾತ್ರ ದೀಪದ ಬಳಿ ಕುಳಿತು ಹಳೆಯ ಕಥೆಗಳನ್ನು ಗಟ್ಟಿಯಾಗಿ ಓದುವರು. ಇದು ಅರಮನೆಯ ವಿನೋದವಲ್ಲ. ಬಡ ಕುರಿಗಾಹಿಗಳ ಮನೆಯ ಮಾತು. ನಮ್ಮ ಹಳ್ಳಿಗಳಲ್ಲಿ ಮಳೆಗಾಲದ ರಾತ್ರಿ ಗಮಕಿಗಳಿಂದ ಭಾರತ ಓದಿಸುತ್ತಿದ್ದುದನ್ನು ಅಜ್ಜಿಯಿಂದ ಕೇಳಿದ್ದ ನನಗೆ ಇದನ್ನು ಓದಿದಾಗ ಆ ದೇಶ ಅಷ್ಟು ದೂರದ್ದೆಂದು ತೋರಲಿಲ್ಲ.

ದೂರದ್ದಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿ ಉಂಟು. ಯೋನ್ ಓಲಾಫ್ಸನ್ ಎಂಬ ಐಸ್ಲೆಂಡಿನ ರೈತನ ಮಗ, ೧೫೯೩ರಲ್ಲಿ ಹುಟ್ಟಿದವನು, ಡೆನ್ಮಾರ್ಕಿನ ದೊರೆಯ ಸೇವೆಯಲ್ಲಿ ಫಿರಂಗಿಯವನಾಗಿ ೧೬೨೨ರಲ್ಲಿ ಹಡಗು ಹತ್ತಿ ನಮ್ಮ ದಕ್ಷಿಣದೇಶದ ತರಂಗಂಬಾಡಿಗೆ ಬಂದ. ಅಲ್ಲಿ ಡೇನರು ಆಗತಾನೆ ಕೋಟೆ ಕಟ್ಟಿದ್ದರು. ಮದ್ದು ಸಿಡಿದು ಮೈಕೈ ಸುಟ್ಟುಕೊಂಡು ತಾಯ್ನಾಡಿಗೆ ಮರಳಿದ. ಮುಪ್ಪಿನಲ್ಲಿ, ೧೬೬೧ರಲ್ಲಿ, ತನ್ನ ಪ್ರವಾಸದ ಕಥೆಯನ್ನು ತನ್ನ ಭಾಷೆಯಲ್ಲಿಯೇ ಬರೆದಿಟ್ಟ. ಅವನ ದೇಶದವರು ಇಂದಿಗೂ ಅವನನ್ನು 'ಇಂಡಿಯಾಕ್ಕೆ ಹೋಗಿಬಂದ ಯೋನ್' ಎಂದೇ ಕರೆಯುತ್ತಾರೆ. ನಮ್ಮ ನಾಡಿಗೆ ಬಂದುಹೋದ ಎಷ್ಟೋ ಸಾವಿರ ಸಿಪಾಯಿಗಳಲ್ಲಿ ಬರೆಯಬೇಕೆಂಬ ಬುದ್ಧಿ ಹುಟ್ಟಿದ್ದು ಎಷ್ಟು ಮಂದಿಗೆ?

೧೭೮೩ನೆಯ ಜೂನ್ ೮ರಂದು ದಕ್ಷಿಣಭಾಗದ ಲಾಕಿ ಎಂಬಲ್ಲಿ ನೆಲ ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿ ಬೆಂಕಿ ಹರಿಯಿತು. ಎಂಟು ತಿಂಗಳು ನಿಲ್ಲಲಿಲ್ಲ. ಲಾವಾರಸಕ್ಕಿಂತಲೂ ಘೋರವಾದುದು ಅದರ ವಿಷವಾಯು. ಹುಲ್ಲಿನ ಮೇಲೆ ವಿಷ ಕುಳಿತು, ಅದನ್ನು ಮೇಯ್ದ ಕುರಿಗಳ ಹಲ್ಲು ಮೂಳೆಗಳು ಗಂಟುಗಟ್ಟಿದುವು. ಐದರಲ್ಲಿ ನಾಲ್ಕು ಪಾಲು ಕುರಿಗಳೂ ಅರ್ಧದಷ್ಟು ದನಗಳೂ ಸತ್ತವು. ಬಳಿಕ ಕ್ಷಾಮ. ಸುಮಾರು ಐವತ್ತು ಸಾವಿರವಿದ್ದ ಜನರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಅಳಿದುಹೋದರು. ಆ ಧೂಮದ ಮಬ್ಬು ಇಂಗ್ಲೆಂಡು, ಫ್ರಾನ್ಸುಗಳವರೆಗೂ ಹಬ್ಬಿ ಬೇಸಗೆಯ ಸೂರ್ಯನನ್ನು ಕೆಂಪಾಗಿಸಿತು.

ಆ ಸೀಮೆಯಲ್ಲಿ ಯೋನ್ ಸ್ಟೇಂಗ್ರಿಮ್ಸನ್ ಎಂಬ ಪಾದ್ರಿ ಇದ್ದ. ಜುಲೈ ೨೦ರ ಭಾನುವಾರ ಲಾವಾ ಚರ್ಚಿನ ಕಡೆಗೇ ಬರುತ್ತಿರುವಾಗ ಊರವರನ್ನೆಲ್ಲ ಒಳಗೆ ಸೇರಿಸಿ ಬಾಗಿಲು ಹಾಕಿ ಉಪದೇಶ ಮಾಡಿದ. ಹೊರಗೆ ಬಂದು ನೋಡಿದರೆ ಲಾವಾ ನಿಂತುಹೋಗಿತ್ತು. ನದಿಗಳ ನೀರು ಅದರ ಮೇಲೆ ಹರಿದು ತಣಿಸಿದ್ದಿರಬೇಕು. ಜನ ಇದನ್ನು ಪವಾಡವೆಂದು ಹೇಳುತ್ತಾರೆ. ನನಗೆ ದೊಡ್ಡದಾಗಿ ತೋರುವುದು ಅವನ ಇನ್ನೊಂದು ಕೆಲಸ. ಪರಿಹಾರಕ್ಕೆಂದು ಬಂದ ಹಣದ ಪೆಟ್ಟಿಗೆಯನ್ನು ಮೇಲಧಿಕಾರಿಗಳಿಗೆ ತಲುಪಿಸಬೇಕಾಗಿದ್ದವನು, ದಾರಿಯಲ್ಲಿಯೇ ಅದರಿಂದ ತೆಗೆದು ಹಸಿದವರಿಗೆ ಹಂಚಿದ. ಅದಕ್ಕಾಗಿ ಆಕ್ಷೇಪಣೆಗೆ ಗುರಿಯಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಆ ವರ್ಷಗಳಲ್ಲಿ ಕಂಡುದನ್ನೆಲ್ಲ ಅವನೂ ಬರೆದಿಟ್ಟಿದ್ದಾನೆ. ಇಂದು ಜ್ವಾಲಾಮುಖಿಗಳನ್ನು ಅಭ್ಯಾಸ ಮಾಡುವವರು ಆ ಬರಹವನ್ನು ಓದದೆ ಮುಂದೆ ಹೋಗುವುದಿಲ್ಲ.

ಇಷ್ಟು ದುಃಖದ ನಡುವೆ ಒಂದು ಪ್ರಹಸನವೂ ನಡೆಯಿತು. ೧೮೦೯ರ ಬೇಸಗೆಯಲ್ಲಿ ಯೊರ್ಗೆನ್ಸೆನ್ ಎಂಬ ಡೆನ್ಮಾರ್ಕಿನ ಸಾಹಸಿಯೊಬ್ಬ ಇಂಗ್ಲೆಂಡಿನ ಸಾಬೂನು ವರ್ತಕನೊಬ್ಬನ ಹಡಗಿನಲ್ಲಿ ಬಂದಿಳಿದು, ರಾಜ್ಯಪಾಲನನ್ನು ಸೆರೆ ಹಿಡಿದು, ದೇಶ ಸ್ವತಂತ್ರವಾಯಿತೆಂದೂ ತಾನೇ ಅದರ ಸಂರಕ್ಷಕನೆಂದೂ ಸಾರಿಬಿಟ್ಟ. ನೀಲಿ ಬಟ್ಟೆಯ ಮೇಲೆ ಮೂರು ಬಿಳಿಯ ಮೀನುಗಳ ಬಾವುಟವನ್ನೂ ಹಾರಿಸಿದ. ಎರಡು ತಿಂಗಳಲ್ಲಿ ಇಂಗ್ಲೆಂಡಿನ ಯುದ್ಧನೌಕೆ ಬಂದು ಅವನನ್ನು ಹಿಡಿದೊಯ್ದಿತು. ಕೊನೆಗೆ ಕೈದಿಯಾಗಿ ಟಾಸ್ಮೇನಿಯಾಕ್ಕೆ ಹೋಗಿ ಅಲ್ಲಿಯೇ ಸತ್ತ.

ನಿಜವಾದ ಸ್ವಾತಂತ್ರ್ಯದ ಹೋರಾಟ ನಡೆದದ್ದು ಬೇರೆ ರೀತಿಯಲ್ಲಿ. ಅದರ ನಾಯಕ ಯೋನ್ ಸಿಗುರ್ಡ್‌ಸನ್ (೧೮೧೧–೧೮೭೯) ಹಳೆಯ ಹಸ್ತಪ್ರತಿಗಳ ಪಂಡಿತ. ಕೋಪನ್‌ಹೇಗನ್ನಿನಲ್ಲಿ ಕುಳಿತು ಹಳೆಯ ಒಪ್ಪಂದಗಳನ್ನು ಓದಿ, 'ನಾವು ಒಪ್ಪಿಕೊಂಡದ್ದು ದೊರೆಯನ್ನು. ನಿಮ್ಮ ದೇಶಕ್ಕೆ ನಾವು ಸೇರಿದವರಲ್ಲ' ಎಂದು ವಾದಿಸಿದ. ೧೮೦೦ರಲ್ಲಿ ಮುಚ್ಚಿಹೋಗಿದ್ದ ಆಲ್ಥಿಂಗ್ ೧೮೪೫ರಲ್ಲಿ ಮತ್ತೆ ಸೇರಿತು. ೧೮೫೧ರ ಸಭೆಯನ್ನು ದೊರೆಯ ಪ್ರತಿನಿಧಿ ನಡುವೆಯೇ ಮುಗಿಸಿದಾಗ ಯೋನ್ ಎದ್ದು ಪ್ರತಿಭಟಿಸಿದ. ನೆರೆದವರು ಬಹುಮಟ್ಟಿಗೆ ಎಲ್ಲರೂ ಎದ್ದು ತಾವೆಲ್ಲರೂ ಪ್ರತಿಭಟಿಸುವುದಾಗಿ ಒಕ್ಕೊರಲಿನಿಂದ ಕೂಗಿದರು. ಒಂದು ಗುಂಡೂ ಹಾರಲಿಲ್ಲ. ೧೮೭೪ರಲ್ಲಿ ಸಂವಿಧಾನ, ೧೯೦೪ರಲ್ಲಿ ಸ್ವಯಮಾಡಳಿತ, ೧೯೧೮ರಲ್ಲಿ ಅದೇ ದೊರೆಯ ಕೆಳಗೆ ಸ್ವತಂತ್ರ ರಾಜ್ಯ. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನರ ವಶವಾಗಿದ್ದಾಗ, ೧೯೪೪ನೆಯ ಜೂನ್ ೧೭ರಂದು, ಯೋನ್‌ನ ಹುಟ್ಟುಹಬ್ಬದ ದಿನ, ಅದೇ ಥಿಂಗ್ವೆಟ್ಲಿರ್ ಬಯಲಿನಲ್ಲಿ ಸುರಿಯುವ ಮಳೆಯಲ್ಲಿ ನಿಂತು ಗಣರಾಜ್ಯವನ್ನು ಸಾರಿದರು. ಸೆರೆಯಾಳಿನಂತಿದ್ದ ಡೆನ್ಮಾರ್ಕಿನ ದೊರೆ ಶುಭಾಶಯದ ತಂತಿ ಕಳುಹಿಸಿದ. ದೊಡ್ಡತನ ಆ ಕಡೆಯೂ ಇತ್ತು.

ಸೈನ್ಯವಿಲ್ಲದ ಈ ದೇಶ ಆಮೇಲೆ ಬ್ರಿಟನ್ನಿನೊಡನೆ ಮೂರು ಸಲ 'ಯುದ್ಧ' ಮಾಡಿದ್ದುಂಟು. ಮೀನಿಗಾಗಿ! ತನ್ನ ಮೀನುಗಾರಿಕೆಯ ಗಡಿಯನ್ನು ೧೯೫೮ರಲ್ಲಿ ೧೨ ಮೈಲಿಗೂ, ೧೯೭೨ರಲ್ಲಿ ೫೦ಕ್ಕೂ, ೧೯೭೫ರಲ್ಲಿ ೨೦೦ಕ್ಕೂ ಹಿಗ್ಗಿಸಿತು. ಬ್ರಿಟನ್ ಯುದ್ಧನೌಕೆಗಳನ್ನು ಕಳುಹಿಸಿದರೆ, ಇವರ ಪುಟ್ಟ ಕಾವಲು ದೋಣಿಗಳು ಬ್ರಿಟಿಷ್ ಮೀನುಹಡಗುಗಳ ಹಿಂದೆ ಹೋಗಿ ಕತ್ತರಿಯಂಥ ಸಲಕರಣೆಯಿಂದ ಬಲೆಯ ಉಕ್ಕಿನ ಹಗ್ಗವನ್ನೇ ಕತ್ತರಿಸಿಬಿಡುತ್ತಿದ್ದವು. ೧೯೭೬ರಲ್ಲಿ ಬ್ರಿಟನ್ ಒಪ್ಪಿಕೊಂಡಿತು.

ಇನ್ನು ಕೆಲವು ವಿಚಿತ್ರಗಳು. ಅಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ. ತಂದೆಯ ಹೆಸರಿಗೆ 'ಸನ್' ಸೇರಿಸಿದರೆ ಮಗ. 'ದೋತ್ತಿರ್' ಸೇರಿಸಿದರೆ ಮಗಳು. ಗಂಡ, ಹೆಂಡತಿ, ಮಗ, ಮಗಳು ನಾಲ್ವರದೂ ನಾಲ್ಕು ಬೇರೆ ಕೊನೆಗಳು. ಅಚ್ಚಾಗುತ್ತಿದ್ದ ಕಾಲದಲ್ಲಿ ದೂರವಾಣಿಯ ಪಟ್ಟಿಯೂ ಮೊದಲ ಹೆಸರಿನ ಕ್ರಮದಲ್ಲಿಯೇ ಇರುತ್ತಿತ್ತು. ತಂದೆಯ ಹೆಸರಿನ ಒಂದಕ್ಷರವನ್ನು ಮುಂದಿಟ್ಟುಕೊಂಡು ತಿರುಗುವ ನಮಗೆ ಇದು ಅರ್ಥವಾಗದ ಮಾತೇನೂ ಅಲ್ಲ. ೧೯೮೦ರಲ್ಲಿ ವಿಗ್ದಿಸ್ ಫಿನ್ಬೊಗಾದೋತ್ತಿರ್ ಎಂಬಾಕೆ ರಾಷ್ಟ್ರಾಧ್ಯಕ್ಷೆಯಾದರು. ಜನರ ಮತದಿಂದ ಆ ಪದವಿಗೆ ಬಂದ ಜಗತ್ತಿನ ಮೊದಲ ಮಹಿಳೆ. ಅದಕ್ಕೆ ಐದು ವರ್ಷ ಮುಂಚೆ, ೧೯೭೫ನೆಯ ಅಕ್ಟೋಬರ್ ೨೪ರಂದು, ಅಲ್ಲಿಯ ನೂರಕ್ಕೆ ತೊಂಬತ್ತು ಹೆಂಗಸರು ಒಂದು ದಿನ ಮನೆಯ ಕೆಲಸವನ್ನೂ ಕಛೇರಿಯ ಕೆಲಸವನ್ನೂ ಬಿಟ್ಟು ಬೀದಿಗೆ ಬಂದಿದ್ದರು. ರೈಲು ಆ ದೇಶದಲ್ಲಿಲ್ಲ. ಒಮ್ಮೆ ಹೊರದೇಶಕ್ಕೆ ಹೋದ ಕುದುರೆಯನ್ನು ಮತ್ತೆ ಒಳಗೆ ಬಿಡುವುದಿಲ್ಲ. ೧೯೮೭ರವರೆಗೆ ಗುರುವಾರಗಳಂದು ದೂರದರ್ಶನಕ್ಕೆ ರಜಾ! ಸೊಳ್ಳೆಯೇ ಇಲ್ಲದ ದೇಶವೆಂದು ಎಲ್ಲ ಪುಸ್ತಕಗಳಲ್ಲಿಯೂ ಬರೆದಿತ್ತು. ೨೦೨೫ರ ಅಕ್ಟೋಬರಿನಲ್ಲಿ ಮೂರು ಸೊಳ್ಳೆಗಳು ಸಿಕ್ಕಿಬಿದ್ದು ಆ ಹೆಗ್ಗಳಿಕೆಗೂ ಕುಂದು ಬಂತು.

ಭಾಷೆಯ ವಿಷಯ ಮಾತ್ರ ವಿಚಿತ್ರಗಳ ಪಟ್ಟಿಗೆ ಸೇರತಕ್ಕದ್ದಲ್ಲ. ಎಂಟುನೂರು ವರ್ಷ ಹಿಂದಿನ ಕಥೆಗಳನ್ನು ಅಲ್ಲಿಯ ಶಾಲೆಯ ಹುಡುಗ ಇಂದು ಸ್ವಲ್ಪ ಪ್ರಯಾಸದಿಂದ ತಾನೇ ಓದಿಕೊಳ್ಳಬಲ್ಲ. ಪಂಪನ ಒಂದು ಪದ್ಯಕ್ಕೆ ಎರಡು ತಾಸು ತಿಣುಕುವ ನಮಗೆ ಅದರ ಬೆಲೆ ತಿಳಿದೀತು. ಹೊಸ ವಸ್ತು ಬಂದರೆ ಅವರು ಹಳೆಯ ಮಾತನ್ನು ಹುಡುಕುತ್ತಾರೆ. ಟೆಲಿಫೋನಿಗೆ 'ಸೀಮಿ'; ಇದು ದಾರವೆಂಬ ಅರ್ಥದ, ಬಳಕೆ ತಪ್ಪಿದ್ದ ಮಾತು. ತಂತಿ ಹೋದರೂ ಮಾತು ಉಳಿದಿದೆ. ವಿದ್ಯುತ್ತಿಗೆ 'ರಾಫ್‌ಮಾಗ್ನ್', ಎಂದರೆ ಅಂಬರಿನ ಶಕ್ತಿ. ಕಂಪ್ಯೂಟರಿಗೆ ಸಿಗುರ್ಡುರ್ ನೋರ್ದಾಲ್ ಎಂಬ ವಿದ್ವಾಂಸರು ೧೯೬೫ರಲ್ಲಿ 'ಟೊಲ್ವ' ಎಂದು ಹೆಸರಿಟ್ಟರು: 'ತಾಲ' ಎಂದರೆ ಸಂಖ್ಯೆ, 'ವೊಲ್ವ' ಎಂದರೆ ಭವಿಷ್ಯ ನುಡಿಯುವವಳು. ನಮ್ಮಲ್ಲಾದರೆ ಎಣಿಸುವ ಕೊರವಂಜಿ ಎನ್ನಬೇಕಾಗುತ್ತಿತ್ತೇನೋ! ನಮ್ಮ ಗಣಕಯಂತ್ರ ಪಠ್ಯಪುಸ್ತಕದಲ್ಲಿ ಮಾತ್ರ ಉಳಿದಿದೆ. ಅವರ ಟೊಲ್ವ ಮಕ್ಕಳ ಬಾಯಲ್ಲಿದೆ. ಅವರಿಗೂ ಭಯವಿಲ್ಲದಿಲ್ಲ. ಕೈಯಲ್ಲಿ ಹಿಡಿದ ಯಂತ್ರಗಳೆಲ್ಲ ಇಂಗ್ಲಿಷಿನಲ್ಲಿ ಮಾತನಾಡುವಾಗ ಮಕ್ಕಳು ಆಟದಲ್ಲಿಯೂ ಇಂಗ್ಲಿಷನ್ನೇ ಹಿಡಿಯುವರೆಂದು ತಾಯಿತಂದೆಗಳು ಚಿಂತಿಸುತ್ತಿದ್ದಾರೆ.

ಕೊನೆಗೆಂದು ಉಳಿಸಿಕೊಂಡ ಸಂಗತಿಯನ್ನು ಈಗ ಹೇಳುತ್ತೇನೆ. ಆ ಹಳೆಯ ಕಥೆಗಳನ್ನೆಲ್ಲ ಬರೆದದ್ದು ಕರುವಿನ ಚರ್ಮದ ಹಾಳೆಗಳ ಮೇಲೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ 'ಫ್ಲಾಟೇಯಾರ್ಬೋಕ್' ಎಂಬ ಒಂದೇ ಗ್ರಂಥಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಯಿತು. ಅಚ್ಚಿನ ಕಾಲ ಬಂದ ಮೇಲೆ ಇವು ಮೂಲೆ ಸೇರಿದುವು. ಬಡತನದಲ್ಲಿ ಚರ್ಮ ಚರ್ಮವೇ: ಕೆಲವು ಹಾಳೆಗಳು ಪಾದರಕ್ಷೆಯ ಒಳಪದರವಾದುವು, ಒಂದನ್ನು ಅಂಗಿಯ ಅಳತೆಗೆ ಕತ್ತರಿಸಿದ್ದರು. ಆರ್ನಿ ಮಾಗ್ನುಸನ್ (೧೬೬೩–೧೭೩೦) ಎಂಬ ವಿದ್ವಾಂಸ ದೊರೆಯ ಆಜ್ಞೆಯಂತೆ ದೇಶದ ಭೂಮಿಯ ಲೆಕ್ಕ ಬರೆಯಲು ಹತ್ತು ವರ್ಷ ಊರೂರು ತಿರುಗಿದ. ಮನೆಮನೆಯ ಜನರ ಹೆಸರು, ವಯಸ್ಸು ಬರೆದ ೧೭೦೩ರ ಜನಗಣತಿ ಅವನ ಮತ್ತು ಅವನ ಜೊತೆಗಾರ ಪೌಲ್ ವೀದಾಲಿನ್ನನ ಕೆಲಸ, ೫೦,೩೫೮ ಜನ. ತಿರುಗುತ್ತ ತಿರುಗುತ್ತ ಅಟ್ಟಗಳಲ್ಲಿ, ಪೆಟ್ಟಿಗೆಗಳ ತಳದಲ್ಲಿ ಸಿಕ್ಕಿದ ಹಾಳೆಗಳನ್ನೆಲ್ಲ ಬೇಡಿಯೋ ಕೊಂಡೋ ಕೂಡಿಹಾಕಿ ಕೋಪನ್‌ಹೇಗನ್ನಿಗೆ ಸಾಗಿಸಿದ. ೧೭೨೮ರಲ್ಲಿ ಆ ನಗರಕ್ಕೆ ಬೆಂಕಿ ಬಿತ್ತು. ಚರ್ಮದ ಹಸ್ತಪ್ರತಿಗಳಲ್ಲಿ ಬಹುಪಾಲನ್ನು ಹೊರಗೆ ಹೊತ್ತು ತಂದರೂ, ಅಚ್ಚಿನ ಪುಸ್ತಕಗಳೂ ಅವನ ಟಿಪ್ಪಣಿಗಳೂ ಹೋದವು. ಒಂದು ವರ್ಷ ಕಳೆದು ಕೆಲವು ತಿಂಗಳಲ್ಲಿ ಅವನೂ ಹೋದ.

ಗಣರಾಜ್ಯವಾದ ಮೇಲೆ ಐಸ್ಲೆಂಡ್ ಡೆನ್ಮಾರ್ಕಿನಿಂದ ಕೇಳಿದ್ದು ಚಿನ್ನವನ್ನಲ್ಲ, ಪರಿಹಾರವನ್ನಲ್ಲ, ಈ ಹಾಳೆಗಳನ್ನು. ವರ್ಷಗಟ್ಟಲೆ ವಾದ ನಡೆಯಿತು, ನ್ಯಾಯಾಲಯಕ್ಕೂ ಹೋಯಿತು. ಕಡೆಗೆ ೧೯೭೧ನೆಯ ಏಪ್ರಿಲ್ ೨೧ರಂದು ಡೆನ್ಮಾರ್ಕಿನ ನೌಕೆಯೊಂದು ಎರಡು ಗ್ರಂಥಗಳನ್ನು ಹೊತ್ತು ರೇಕ್ಯಾವಿಕ್ ಬಂದರಿಗೆ ಬಂತು. ಸಾವಿರಾರು ಜನ ಕಡಲ ದಂಡೆಯಲ್ಲಿ ಕಾದು ನಿಂತಿದ್ದರು. ಡೆನ್ಮಾರ್ಕಿನ ಮಂತ್ರಿ ತೆಗೆದುಕೊಳ್ಳಿರೆಂದು ಫ್ಲಾಟೇಯಾರ್ಬೋಕನ್ನು ಕೈಗಿತ್ತರು. ಹೀಗೆ ೧೯೯೭ರವರೆಗೆ ಸಾವಿರದ ಎಂಟುನೂರರಷ್ಟು ಹಸ್ತಪ್ರತಿಗಳು ತಾಯ್ನಾಡಿಗೆ ಮರಳಿದುವು, ಉಳಿದವು ಕೋಪನ್‌ಹೇಗನ್ನಿನಲ್ಲಿವೆ. ಆಳಿದ ದೇಶವೊಂದು ಆಳಿಸಿಕೊಂಡ ದೇಶಕ್ಕೆ ಹೀಗೆ ಮನಸ್ಸೊಪ್ಪಿ ಹಿಂದಿರುಗಿಸಿದ್ದು ಎಷ್ಟು ಸಲ ನಡೆದಿದೆ?

ಪಾದರಕ್ಷೆಯ ಒಳಪದರದ ಸಂಗತಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದು ಉಂಟು. ನವರಾತ್ರಿಯ ಸರಸ್ವತಿ ಪೂಜೆಯ ದಿನ ಇಳಿಸಿ, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತೇವೆ. ಅದರಲ್ಲಿ ಏನಿದೆಯೆಂದು ನಾನು ಒಮ್ಮೆಯೂ ಕೇಳಿದವನಲ್ಲ. ಈ ಸಲ ಹಬ್ಬಕ್ಕೆ 'ಅಜ್ಜೀ, ಮುಂಚೆ ಇದು ಇಷ್ಟೇ ಇತ್ತೇ?' ಎಂದು ಕೇಳಿದೆ. 'ದೊಡ್ಡದಿತ್ತು ಕಣಪ್ಪ. ಯಾವುದೋ ಒಂದು ಮಳೆಗಾಲ, ಸೌದೆ ಎಲ್ಲ ನೆಂದುಹೋಗಿತ್ತು. ಬಚ್ಚಲ ಒಲೆಗೆ ಒಂದಷ್ಟು ಹಾಕಿದ್ವಿ. ಓದೋರು ಯಾರಿದ್ದರು ಹೇಳು?' ಎಂದರು.

ರಜೆ ಮುಗಿದಾಗ ಕಟ್ಟನ್ನು ಕಾಲೇಜಿಗೆ ತಂದು ನಮ್ಮ ಕನ್ನಡ ಮೇಷ್ಟ್ರ ಮುಂದೆ ಬಿಚ್ಚಿದೆ. ಪ್ರಶ್ನೆ ಕೇಳಿದ ಆ ಗೆಳೆಯನೂ ಜೊತೆಯಲ್ಲಿದ್ದ. ಗರಿಗಳ ಧೂಳನ್ನು ಮೃದುವಾದ ಬಟ್ಟೆಯಿಂದ ಒರೆಸಿಕೊಟ್ಟವನು ಅವನೇ. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಜೈಮಿನಿ ಭಾರತದ ಒಂದು ಭಾಗವಂತೆ. ಕೊನೆಯ ಮೂರು ಗರಿಗಳಲ್ಲಿ ಬೇರೆ ಕೈಯ ಬರಹದಲ್ಲಿ ದನಗಳ ಕಾಯಿಲೆಗೆ ಮದ್ದು. ಗರಿಗಳ ಅಂಚಿನಲ್ಲಿ ಅಂಕೆಗಳು ಎಪ್ಪತ್ತೊಂಬತ್ತರವರೆಗೆ ಇವೆ. ಎಣಿಸಿದೆವು. ಮೂವತ್ತೊಂದು ಗರಿಗಳು ಸಿಕ್ಕಿದುವು.